ಪಾರಕ್ಕ ಉಂಡು ಬಂದ ಊರು

ಊರಲ್ಲಿದ್ದಾಗ ಪಾರಕ್ಕ ಕುಳಿತು ಉಂಡದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಒಂಬತ್ತು ವರ್ಷ ಆಕೆಯ ಖಾನಾವಳಿಯಲ್ಲಿ ಮಧ್ಯಾಹ್ನದ ಊಟ ಮಾಡಿದವಳು ನಾನು. ಲಕ್ಷ್ಮೇಶ್ವರದ ಬಜಾರದ ಹಿಂದಿನ ಓಣಿಯಲ್ಲಿ, ಎರಡು ಮೆಟ್ಟಿಲು ಹತ್ತಿದರೆ ಸಿಗುವ ಉದ್ದನೆಯ ಕೋಣೆ. ಕೊನೆಯ ಪಂಕ್ತಿ ಎದ್ದು, ನೆಲ ಸಾರಿಸಿ ಮುಗಿಯುವ ಹೊತ್ತಿಗೆ ಮೂರು ಗಂಟೆ. ಆಗ ಪಾರಕ್ಕ ಹಿತ್ತಲ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ಎಡಗೈಯಲ್ಲಿ ಮಡಿಚಿದ ಜೋಳದ ರೊಟ್ಟಿ, ರೊಟ್ಟಿಯ ಮಡಿಕೆಯೊಳಗೆ ಪಾತ್ರೆಯ ತಳದಲ್ಲಿ ಉಳಿದ ಪಲ್ಲೆ. ಕಣ್ಣು ಮಾತ್ರ ಒಳಗೆ, ಯಾರಾದರೂ ತಡವಾಗಿ ಬಂದರೇನೋ ಎಂದು. ಆರೇಳು ತುತ್ತು, ಒಂದು ತಂಬಿಗೆ ನೀರು. "ಆತು" ಎನ್ನುತ್ತಿದ್ದಳು. ಊಟ ಆಯಿತೆಂದೋ, ಒಂದು ಕೆಲಸ ಮುಗಿಯಿತೆಂದೋ ಹೇಳುವುದು ಕಷ್ಟ.

ನಾನು ಗದಗಿಗೆ ಹೊಂದಿಕೊಂಡ ಬೆಟಗೇರಿಯವಳು. ಕೃಷಿ ಇಲಾಖೆಯ ಕೆಲಸದ ಮೇಲೆ ದಿನವೂ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋಗಿ ಬರುತ್ತಿದ್ದೆ. ಗಂಡಸರೇ ತುಂಬಿರುತ್ತಿದ್ದ ಖಾನಾವಳಿಗೆ ಒಬ್ಬಳೇ ಹೆಣ್ಣುಮಗಳು ಮೊದಲ ದಿನ ಹೋದಾಗ ಹೊಸ್ತಿಲಲ್ಲೇ ಹಿಂಜರಿದಿದ್ದೆ. ಪಾರಕ್ಕ ಒಳಗಿನಿಂದ ನೋಡಿದವಳೇ, "ಬರ್ರಿ ಮೇಡಮ್ಮಾರ, ಉಣ್ಣಾಕ ಬಂದೀರಿ, ಕಳವು ಮಾಡಾಕ ಬಂದಿಲ್ಲ" ಎಂದು ಗಟ್ಟಿಯಾಗಿ ಕರೆದಳು. ಎಲ್ಲರೂ ತಿರುಗಿ ನೋಡಿದರು, ಮತ್ತೆ ತಮ್ಮ ತಮ್ಮ ತಾಟು ನೋಡಿಕೊಂಡರು. ಅಂದಿನಿಂದ ಕಿಟಕಿಯ ಪಕ್ಕದ ಮಣೆ ನನ್ನದಾಯಿತು. ಎರಡನೇ ವರ್ಷಕ್ಕೆ ಮೇಡಮ್ಮಾರ ಹೋಗಿ ಶೋಭಾ ಆದೆ, ಮನಸ್ಸು ಬಂದಾಗ "ಯವ್ವಾ" ಆದೆ.

ಮದುವೆಯಾಗಿ ಆರು ವರ್ಷಕ್ಕೆ ಪಾರಕ್ಕನ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಕಟ್ಟಡ ಗಂಡನ ಮನೆಯವರದು, ಕೈ ಪಾರಕ್ಕನದು. ದುಡ್ಡಿನ ಗಲ್ಲೆಯ ಮೇಲೆ ಮೈದುನನ ಮಗ ಮಹಾಂತೇಶ ಕೂಡುತ್ತಿದ್ದ. ರೊಟ್ಟಿ ಬಡಿಯಲು ಇಬ್ಬರು ಹೆಂಗಸರಿದ್ದರೂ ಹಿಟ್ಟಿಗೆ ಬಿಸಿನೀರು ಹಾಕುವುದು ಮಾತ್ರ ಪಾರಕ್ಕನೇ. ಉಣ್ಣುವವರ ಮುಖ ನೋಡದೆ, ರೊಟ್ಟಿ ಮುರಿಯುವ ಸದ್ದಿನಿಂದಲೇ ಯಾರು ಯಾವ ಸಿಟ್ಟಿನಲ್ಲಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. "ಇವತ್ತ ನಿಮ್ಮ ಸಾಹೇಬ ಬೈದಾನ ಏನ ಶೋಭಾ? ರೊಟ್ಟಿ ಮ್ಯಾಲೆ ಯಾಕ ತೀರಿಸಿಕೊಳ್ಳಾಕತ್ತಿ?"

ಆದರೆ ಆಕೆಯ ನಿಜವಾದ ಹುಚ್ಚು ಬೇರೆ. ಊರಾಚೆ ಹೋಗಿಬಂದವರು ಯಾರೇ ಇರಲಿ, ಅವರಲ್ಲಿ ಪಾರಕ್ಕ ಕೇಳುತ್ತಿದ್ದುದು ಒಂದೇ: "ಅಲ್ಲೆ ಏನ ಉಂಡ್ರಿ?" ಲಾರಿ ಚಾಲಕರು, ಕಾಶಿಗೆ ಹೋಗಿ ಬಂದವರು, ಮಗಳ ಬಾಣಂತನಕ್ಕೆ ದುಬೈಗೆ ಹೋಗಿ ಬಂದ ಶಿರಹಟ್ಟಿಯ ಒಬ್ಬ ಮುದುಕಿ, ಎಲ್ಲರೂ ಆಕೆಗೆ ಲೆಕ್ಕ ಒಪ್ಪಿಸಬೇಕು. "ಚೊಲೊ ಇತ್ತು" ಎಂದರೆ ಸಿಟ್ಟು ಬರುತ್ತಿತ್ತು. "ಚೊಲೊ ಇದ್ದದ್ದು ನಿನ್ನ ನಾಲಿಗಿಗೆ ಗೊತ್ತು. ನನಗ ಹೆಂಗ ಮಾಡ್ಯಾರ ಅನ್ನೂದ ಹೇಳ. ಒಗ್ಗರಣಿ ಮೊದಲ ಹಾಕ್ಯಾರೋ, ಆಮ್ಯಾಲೆ ಹಾಕ್ಯಾರೋ?" ತಾನು ಮಾತ್ರ ಗದಗ, ಹುಬ್ಬಳ್ಳಿ, ತಂಗಿಯ ಊರು ಮುಂಡರಗಿ ಬಿಟ್ಟು ಎಲ್ಲಿಗೂ ಹೋದವಳಲ್ಲ.

ಹಿರುತ್ ಎಂಬ ಇಥಿಯೋಪಿಯಾದ ಹುಡುಗಿಯನ್ನು ಪಾರಕ್ಕನ ಬಳಿ ಕರೆದೊಯ್ದವಳು ನಾನೇ. ಆಕೆ ಧಾರವಾಡದಲ್ಲಿ ಓದುತ್ತಿದ್ದಳು. ಗುರೆಳ್ಳಿನ ಮೇಲೆ, ಎಂದರೆ ಹುಚ್ಚೆಳ್ಳಿನ ಮೇಲೆ, ಅವಳ ಸಂಶೋಧನೆ. ನಮ್ಮ ಕಡೆ ಈಗ ಹೊಲದ ಅಂಚಿಗೆ ನಾಲ್ಕು ಸಾಲು ಮಾತ್ರ ಬೆಳೆಯುವ ಆ ಕರಿಕಾಳಿಗಾಗಿ ಅಷ್ಟು ದೂರದಿಂದ ಬಂದಿದ್ದಳು. ಹೊಲ ತಿರುಗಿಸಿ ದಣಿದು ಊಟಕ್ಕೆ ಕರೆತಂದೆ. ಪಾರಕ್ಕ ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಿ, ತಾಟಿನ ಅಂಚಿಗೆ ಗುರೆಳ್ಳು ಚಟ್ನಿಯ ಸಣ್ಣ ಗುಡ್ಡೆ ಹಾಕಿದಳು. ಹಿರುತ್ ಅದನ್ನು ಬೆರಳಿಗೆ ಹಚ್ಚಿ ನೆಕ್ಕಿದವಳು ಹಾಗೇ ಕುಳಿತಳು. ಆಮೇಲೆ ನನ್ನ ಕಡೆ ತಿರುಗಿ, "ಇದು ನೂಗ್. ನಮ್ಮಮ್ಮ ಹುರಿದು ಕುಟ್ಟುವುದು ಇದನ್ನೇ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಈ ಬೆಳೆ ಮೂಲತಃ ಅವರ ನಾಡಿನದು, ಅಲ್ಲಿಂದಲೇ ಯಾವುದೋ ಕಾಲದಲ್ಲಿ ಇಲ್ಲಿಗೆ ಬಂದದ್ದು ಎಂದು ತಿಳಿದವರು ಹೇಳುತ್ತಾರೆ. ಅದನ್ನು ನಾನು ಪಾರಕ್ಕನಿಗೆ ತಿಳಿಸಿದೆ.

ಪಾರಕ್ಕ ಸೌಟು ಹಿಡಿದುಕೊಂಡೇ ನಿಂತಳು. "ಅಂದ್ರ ನಮ್ಮ ಗುರೆಳ್ಳಿನ ತವರಮನಿ ಇವರ ಊರು ಅಂತಾತು?"

"ಹೌದ್ರಿ ಅಕ್ಕಾ."

"ಮತ್ತ ಇಷ್ಟ ದಿನ ನಾ ಇದನ್ನ ನಮ್ಮದ ಅಂತ ಬಡಸಾಕತ್ತೇನಲ್ಲ!"

ಮುಂದಿನ ಎರಡು ವರ್ಷ ಹಿರುತ್ ಲಕ್ಷ್ಮೇಶ್ವರಕ್ಕೆ ಬಂದಾಗಲೆಲ್ಲ ಖಾನಾವಳಿಯಲ್ಲೇ ಇಳಿದಳು. ಪಾರಕ್ಕ ಅವಳನ್ನು ಹೀರವ್ವ ಎಂದು ಕರೆದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಒಲೆಯ ಮುಂದೆ ಇಬ್ಬರೂ ಕೈಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಓದು ಮುಗಿಸಿ ಹೊರಡುವಾಗ ಹಿರುತ್ ನನ್ನ ಬಾಯಿಂದ ಹೇಳಿಸಿದಳು: ನಮ್ಮ ದೊಡ್ಡ ಉಪವಾಸದ ದಿನಗಳಲ್ಲಿ ಬಾ ಅಕ್ಕಾ, ಆಗ ಊರಿಗೆ ಊರೇ ಮಾಂಸ, ಹಾಲು, ತುಪ್ಪ ಮುಟ್ಟುವುದಿಲ್ಲ, ಮಾಂಸ ಮುಟ್ಟದ ನಿನಗೆ ಯಾವ ತೊಂದರೆಯೂ ಆಗುವುದಿಲ್ಲ. ಔಪಚಾರಿಕವಾಗಿ ಹೇಳಿದ ಮಾತೆಂದು ನಾನಂದುಕೊಂಡೆ. ಒಂದು ವರ್ಷದ ಮೇಲೆ, ನಾನು ಕೈ ತೊಳೆಯುತ್ತಿದ್ದಾಗ ಪಾರಕ್ಕ ಪಕ್ಕಕ್ಕೆ ಬಂದು ನಿಂತಳು.

"ಶೋಭಾ, ಪಾಸ್‌ಪೋರ್ಟಿಗೆ ಏನೇನ ಕಾಗದ ಬೇಕು?"

ನಕ್ಕುಬಿಟ್ಟೆ. ಆಕೆ ನಗಲಿಲ್ಲ.

"ಮೂವತ್ತೊಂದ ವರ್ಷ ಬಡಿಸೇನಿ. ನನಗ ಗೊತ್ತಿಲ್ಲದ ಊರಾಗ, ನನ್ನ ಗುರ್ತ ಇಲ್ಲದ ಮಂದಿ ಮಾಡಿದ್ದನ್ನ, ಕುಂತು ಉಣಬೇಕಾಗೇತಿ. ಆಸೆ ಅಂತನ ತಿಳಕೊ. ಕಾಗದ ಹೇಳ."

ಬೆಟಗೇರಿಯ ನಮ್ಮ ಮನೆಯಲ್ಲಿ ಕುಳಿತೇ ಅರ್ಜಿ ತುಂಬಿದೆವು. ವಿಚಾರಣೆಗೆ ಬಂದ ಪೊಲೀಸರು ಖಾನಾವಳಿಯಲ್ಲೇ ಉಂಡು, "ನೀನ್ಯಾಕ ಹೊಂಟಿ ಅಕ್ಕಾ, ಅವರನ್ನ ಇಲ್ಲಿಗೆ ಕರಸು" ಎಂದು ನಕ್ಕು ಹೋದರು. ಮಹಾಂತೇಶನಿಗೆ ಹೋಗುವ ಊರಿನ ಹೆಸರು ಅಡಿಸ್ ಅಬಾಬಾ ಎಂದಾಗ, ಅವನು ಯಾವುದೋ ಬಾಬಾನ ದರ್ಗಾಕ್ಕೆ ಹರಕೆ ಹೊತ್ತಿದ್ದಾಳೆ ಎಂದುಕೊಂಡ. ತಿಳಿದ ಮೇಲೆ ಮೂರು ದಿನ ಮಾತು ಬಿಟ್ಟ. "ಈ ವಯಸ್ಸಿನಾಗ ಒಬ್ಬಾಕಿನ ಹೋಗಿ ಅಲ್ಲೇನ ಮಾಡ್ತಿ ದೊಡ್ಡವ್ವಾ?" ಎಂದು ಕೊನೆಗೆ ಕೇಳಿದ. "ಉಣ್ಣತೇನಿ" ಎಂದಳು.

ಹೋಳಿ ಹುಣ್ಣಿಮೆಗೆ ಇನ್ನೂ ಹತ್ತು ದಿನವಿರುವಾಗ ಗದಗಿನಿಂದ ಮುಂಬೈ ರೈಲು ಹತ್ತಿಸಿದೆ. ಇಳಕಲ್ ಸೀರೆಯ ಮೇಲೊಂದು ಸ್ವೆಟರ್, ಕೈಚೀಲದಲ್ಲಿ ಹೀರವ್ವನ ತಾಯಿಗೆಂದು ಕಡಕ್ ರೊಟ್ಟಿಯ ಗಂಟು. ಮುಂಬೈಯಲ್ಲಿ ನನ್ನ ತಮ್ಮ ವಿಮಾನ ನಿಲ್ದಾಣದ ಬಾಗಿಲವರೆಗೆ ಬಿಟ್ಟ. ಅಲ್ಲಿಂದಾಚೆ ಪಾರಕ್ಕ ಒಬ್ಬಳೇ.

ಅಲ್ಲಿ ಮುಟ್ಟಿದ ಎರಡನೆಯ ದಿನವೇ ಮಾತು ತಪ್ಪಿತು. ಹಿರುತ್‌ಳ ತಂದೆಗೆ ಕಾಯಿಲೆ ಜೋರಾಗಿ ಅವಳು ತನ್ನ ಹಳ್ಳಿಗೆ ಹೊರಟುಹೋದಳು. ಪಾರಕ್ಕನನ್ನು ಗುರುತಿನವರ ಒಂದು ವಸತಿಗೃಹದಲ್ಲಿಟ್ಟು, ಅಳುತ್ತಾ ನನಗೆ ಸಂದೇಶ ಕಳಿಸಿದ್ದಳು. ಆಮೇಲೆ ಅವಳ ಫೋನ್ ಹತ್ತಲೇ ಇಲ್ಲ. ಭಾಷೆ ಇಲ್ಲ, ಗುರುತಿಲ್ಲ, ಐವತ್ತೇಳರ ಹೆಂಗಸು. ಫೋನ್ ಮಾಡಿ, ಟಿಕೆಟ್ ಬದಲಿಸುತ್ತೇನೆ, ತಿರುಗಿ ಬಂದುಬಿಡ್ರಿ ಎಂದೆ.

"ಹೀರವ್ವ ಅಪ್ಪನ್ನ ನೋಡಾಕ ಹೋಗ್ಯಾಳ. ಹೋಗಬೇಕಾದ್ದ. ನಾ ಬಂದದ್ದು ಉಣ್ಣಾಕ. ಊಟೇನ ಹೀರವ್ವನ ಜೋಡಿ ಹಳ್ಳಿಗೆ ಹೋಗೇತೇನ?"

ಅಲ್ಲಿಂದ ಮುಂದೆ ಪ್ರತಿ ಮಧ್ಯಾಹ್ನ ನನ್ನ ಫೋನಿಗೆ ಪಾರಕ್ಕನ ದನಿ ಬರುತ್ತಿತ್ತು. ವಸತಿಗೃಹದ ಎದುರಿನ ಇಳಿಜಾರಿನಲ್ಲಿ ತಗಡಿನ ಮಾಡಿನ ಸಣ್ಣ ಊಟದ ಮನೆ, ಅದನ್ನು ನಡೆಸುವವಳು ಅಲ್ಮಾಜ್ ಎಂಬ ಹೆಂಗಸು. "ಆಕಿನೂ ನನ್ನಂಗ ರೆಟ್ಟಿ ಗಟ್ಟಿ ಇದ್ದಾಕಿ. ಒಲಿ ಮುಂದ ನಿಂತ್ರ ಮೂಗಿನ ತುದಿ ಬೆವರತೈತಿ." ಇಂಜೆರಾ ಎಂಬ ಅವರ ಅಗಲವಾದ ದೋಸೆ: "ಹುಳಿ ಬರಿಸಿ, ಒಂದ ಮಗ್ಗಲ ಬೇಸತಾರ. ಮೈತುಂಬ ತೂತು. ಮೊದಲನೆ ತುತ್ತಿಗೆ ಹಳಸೇತಿ ಅನ್ನಿಸ್ತು, ಮೂರನೇದಕ್ಕ ಬಿಡಾಕ ಮನಸ ಬರಲಿಲ್ಲ." ಕಡಲೆಹಿಟ್ಟಿನ ಶಿರೊ: "ಥೇಟ ನಮ್ಮ ಝುಣಕ. ನಾವು ಗಟ್ಟಿ ಮಾಡತೇವಿ, ಅವರು ಕುದಿಕುದಿಯೂದ ತಂದು ಇಡತಾರ." ಚನ್ನಂಗಿ ಬೇಳೆಯ ಕೆಂಪು ಸಾರು, ತಪ್ಪಲ ಪಲ್ಲೆ, ಕುಸುಬಿ ಅರೆದು ಹಿಂಡಿದ ತಣ್ಣನೆಯ ಹಾಲಿನಲ್ಲಿ ಮುಳುಗಿಸಿದ ಇಂಜೆರಾ ಚೂರು. ಕುಸುಬಿಯ ಮಾತು ಹೇಳುವಾಗ ಆಕೆಯ ದನಿ ಏರಿತು: "ನಮ್ಮವ್ವ ಕುಸುಬಿ ಹುಗ್ಗಿ ಮಾಡ್ತಿದ್ಳು ಶೋಭಾ. ಆಕಿ ಸತ್ತ ಮ್ಯಾಲೆ ಆ ವಾಸನಿ ನನ್ನ ಮೂಗಿಗೆ ಬಡದಿರಲಿಲ್ಲ. ಇಲ್ಲೆ ಬಡೀತು ನೋಡ."

ನಾಲ್ಕನೆಯ ದಿನ ಫೋನ್ ಬರಲಿಲ್ಲ. ಮರುದಿನ ಮಧ್ಯಾಹ್ನದವರೆಗೂ ಇಲ್ಲ. ಕಚೇರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಫೋನು ತೆಗೆದು ನೋಡಿದೆ. ಮಹಾಂತೇಶ ಎರಡು ಸಲ ಬಂದು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹೋದ. ಕೊನೆಗೆ ಆಕೆ ಕರೆ ಮಾಡಿದಾಗ ನಾನು ಬೈಯಬೇಕೆಂದಿದ್ದೆ. ಆಕೆಯೇ ಶುರುಮಾಡಿದಳು. ಆ ಊರಿನಲ್ಲಿ ನಾಲ್ಕೈದು ಜನ ಒಂದೇ ದೊಡ್ಡ ತಾಟಿನ ಸುತ್ತ ಕುಳಿತು ಉಣ್ಣುತ್ತಾರೆ. ಮೊದಲ ದಿನ ಅದನ್ನು ನೋಡಿ ಪಾರಕ್ಕನಿಗೆ ಹೇಸಿಕೆಯಾಗಿತ್ತು. ಎಂಜಲು. ಕೈಸನ್ನೆಯಲ್ಲೇ ಬೇರೆ ತಾಟು ಕೇಳಿದಳು. ಅಲ್ಮಾಜ್ ಏನೂ ಅನ್ನದೆ ಕೊಟ್ಟಳು.

"ಮೂರ ದಿನ ಹಂಗ ಉಂಡ್ನಿ. ಅವರೆಲ್ಲಾ ಅತ್ಲಾಗ ಒಂದ ತಾಟಿನಾಗ ನಕ್ಕೋತ ಉಣ್ಣಾವರು, ಇತ್ಲಾಗ ನಾ ಒಬ್ಬಾಕಿ ನನ್ನ ತಾಟ ಇಟಗೊಂಡು ಕುಂಡ್ರಾಕಿ. ಯಾರೂ ಏನೂ ಅನಲಿಲ್ಲ ಯವ್ವಾ. ಆದ್ರ ನಿನ್ನೆ ನನಗ ಆ ತಾಟ ಶಿಕ್ಷಾ ಕೊಟ್ಟಂಗ ಆತು. ಫೋನ ಮಾಡಿ ನಿನಗ ಏನಂತ ಹೇಳಲಿ? ಇವತ್ತ ಎದ್ದ ಹೋಗಿ ಅವರ ನಡಬರಕ ಕುಂತ್ನಿ. ಜಗಾ ಮಾಡಿ ಕೊಟ್ರು."

ಮಾರನೆಯ ಮಧ್ಯಾಹ್ನ ಒಂದು ವಿಡಿಯೊ ಬಂತು. ಅಲ್ಮಾಜ್ ತೆಗೆದದ್ದು. ಬುಟ್ಟಿಯಂತೆ ಹೆಣೆದ ಗಿಡ್ಡ ಮೇಜು, ಅದರ ಮೇಲೆ ತಾಟು, ಸುತ್ತ ಐದು ಜನ. ನಡುವೆ ಇಳಕಲ್ ಸೀರೆಯ ಪಾರಕ್ಕ. ಪಕ್ಕದಲ್ಲಿ ಬಿಳಿಗಡ್ಡದ ಮುದುಕನೊಬ್ಬ ಇಂಜೆರಾದಲ್ಲಿ ಪಲ್ಲೆ ಸುತ್ತಿ, ದೊಡ್ಡ ತುತ್ತು ಮಾಡಿ, ಆಕೆಯ ಬಾಯಿಯ ಹತ್ತಿರ ಒಯ್ಯುತ್ತಾನೆ. ಗುರ್ಶಾ ಎನ್ನುತ್ತಾರಂತೆ ಅದಕ್ಕೆ. ಮರ್ಯಾದೆ ಮಾಡಬೇಕಾದವರಿಗೆ ತಮ್ಮ ಕೈಯಿಂದ ತುತ್ತು ಕೊಡುವುದು. ಪಾರಕ್ಕ ಒಂದು ಗಳಿಗೆ ಹಿಂದೆ ಸರಿಯುತ್ತಾಳೆ. ಆಮೇಲೆ ಬಾಯಿ ತೆರೆಯುತ್ತಾಳೆ. ತುತ್ತು ದೊಡ್ಡದು, ಕೆನ್ನೆ ಉಬ್ಬುತ್ತದೆ, ಎಲ್ಲರೂ ನಗುತ್ತಾರೆ, ಆಕೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ಕಣ್ಣೂ ಒರೆಸಿಕೊಳ್ಳುತ್ತಾಳೆ. ಕೆಳಗೆ ಆಕೆಯ ದನಿಯ ಸಂದೇಶ: "ನಮ್ಮವ್ವ ಬಿಟ್ರ ನನಗ ಯಾರೂ ತುತ್ತ ಮಾಡಿ ಉಣಿಸಿರಲಿಲ್ಲ. ನಿನಗಷ್ಟ ತೋರಿಸಬೇಕನಸ್ತು."

ನಿನಗಷ್ಟ ಎಂದಿದ್ದಳು. ಅದನ್ನು ನಾನು ಕೇಳಿಸಿಕೊಂಡೆ, ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಖಾನಾವಳಿಯ ಖಾಯಂ ಊಟದವರು ಹದಿನಾಲ್ಕು ಜನ ಸೇರಿ ಫೋನಿನಲ್ಲಿ ಒಂದು ಬಳಗ ಮಾಡಿಕೊಂಡಿದ್ದೆವು. ಶಿಕ್ಷಕರು, ಅಂಗಡಿಯವರು, ಇಬ್ಬರು ಬಸ್ ನಿರ್ವಾಹಕರು. ಆ ಬಳಗಕ್ಕೆ ವಿಡಿಯೊ ಹಾಕಿದೆ. "ನಮ್ಮ ಪಾರಕ್ಕ ನೋಡ್ರಿ!" ಎಂದು ಬರೆದೆ. ಸಂತೋಷಕ್ಕೆ ಹಾಕಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಖರೆಯಲ್ಲ. ಅರ್ಜಿ ತುಂಬಿದವಳು ನಾನು, ಹಿರುತ್‌ಳನ್ನು ಕರೆತಂದವಳು ನಾನು, ಪಾರಕ್ಕ ಅಲ್ಲಿರುವುದು ನನ್ನಿಂದ. ಅದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬ ಆಸೆಯೂ ಇತ್ತು.

ಹದಿನಾಲ್ಕು ಜನರಲ್ಲಿ ಯಾರು ಅದನ್ನು ಹೊರಗೆ ಕಳಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ದಿನದಲ್ಲಿ ಅದು ಬೇರೆಯ ತಲೆಬರಹ ಹೊತ್ತು ನನ್ನ ಫೋನಿಗೇ ತಿರುಗಿ ಬಂತು: ಲಕ್ಷ್ಮೇಶ್ವರದ ಖಾನಾವಳಿ ಅಕ್ಕ ಏನ ತಿನ್ನಾಕತ್ತಾಳ ನೋಡ್ರಿ, ಯಾರ ಕೈಲೆ ತಿನ್ನಾಕತ್ತಾಳ ನೋಡ್ರಿ. ಅದರ ಕೆಳಗೆ ಜನ ಬರೆದದ್ದನ್ನು ನಾನಿಲ್ಲಿ ಬರೆಯಲಾರೆ. ಆ ಮುದುಕನ ಮೈಬಣ್ಣದ ಬಗ್ಗೆ, ವಿಧವೆಯೊಬ್ಬಳು ಬಾಯಿ ತೆರೆದ ಬಗ್ಗೆ. ಕೆಂಪು ಸಾರಿನಲ್ಲಿ ಮಾಂಸವಿತ್ತು ಎಂದು ಒಬ್ಬ ಬರೆದ. ಇದ್ದೇ ಇತ್ತು ಎಂದು ಇನ್ನೊಬ್ಬ.

ಪಾರಕ್ಕ ಇದೇನೂ ತಿಳಿಯದೆ ಬಂದಿಳಿದಳು. ಗದಗ ನಿಲ್ದಾಣದಲ್ಲಿ ನಾನು ಎದುರುಗೊಂಡೆ. ಮುಖ ಕಳೆಗಟ್ಟಿತ್ತು. ಬಸ್ಸಿನಲ್ಲಿ ಮುಳಗುಂದ ದಾಟುವವರೆಗೂ ಅಲ್ಮಾಜ್ ಕಾಫಿ ಬೀಜ ಕಣ್ಣೆದುರೇ ಹುರಿದು, ಕುಟ್ಟಿ, ಮೂರು ಸುತ್ತು ಕುಡಿಸುವ ಬಗೆ ಹೇಳಿದಳು. ಹೇಳಬೇಕಾದ್ದನ್ನು ನಾನು ಹೇಳಲಿಲ್ಲ. ಊರು ಹತ್ತಿರ ಬಂದಾಗ, ಹಿಂದಿನ ಸೀಟಿನ ಇಬ್ಬರು ಹುಡುಗಿಯರು ಆಕೆಯನ್ನು ನೋಡಿ ಫೋನು ನೋಡಿ ಮತ್ತೆ ಆಕೆಯನ್ನು ನೋಡಿ ನಕ್ಕರು. ಪಾರಕ್ಕ ಮಾತು ನಿಲ್ಲಿಸಿದಳು.

ಒಂದು ವಾರದಲ್ಲಿ ಪಂಕ್ತಿ ಅರ್ಧಕ್ಕಿಳಿಯಿತು. ಒಪ್ಪಿಕೊಂಡಿದ್ದ ಎರಡು ಮದುವೆಯ ಊಟ ಕೈಬಿಟ್ಟವು. ಮಹಾಂತೇಶ ಕೆಟ್ಟವನಲ್ಲ, ಹೆದರಿದವನು. ಯುಗಾದಿಗೆ ಮೂರು ದಿನವಿರುವಾಗ, ನಾನು ಉಣ್ಣುತ್ತಿದ್ದ ಹೊತ್ತಿಗೇ ಓಣಿಯ ಇಬ್ಬರು ಹಿರಿಯರನ್ನು ಕರೆತಂದ. ಅವರು ಮೆತ್ತಗೇ ಮಾತಾಡಿದರು.

"ಪಾರವ್ವಾ, ನೀ ಹಂಗ ಮಾಡಾಕಿ ಅಲ್ಲ ಅಂತ ನಮಗ ಗೊತ್ತೈತಿ. ಮಂದಿ ಬಾಯಿ ಮುಚ್ಚಬೇಕಲ್ಲ? ಗುಡಿಗೆ ಬಂದು ನಾಲ್ಕ ಮಂದಿ ಮುಂದ, ನಾ ಏನೂ ಮುಟ್ಟಿಲ್ಲ, ಅಂವ ಬಲವಂತ ಮಾಡಿದಾ ಅಂತ ಒಂದ ಮಾತ ಹೇಳಿಬಿಡು. ಮುಗೀತು."

ಪಾರಕ್ಕ ಕೈಯಲ್ಲಿದ್ದ ಅನ್ನದ ಬುಟ್ಟಿ ಕೆಳಗಿಟ್ಟಳು.

"ಏನ ಉಂಡಿ ಅಂತ ಕೇಳ್ರಿ, ಒಂದೊಂದನ್ನ ಹೇಳತೇನಿ. ಕಡ್ಲಿಹಿಟ್ಟ, ಬ್ಯಾಳಿ, ತಪ್ಪಲ ಪಲ್ಲೆ. ಆ ಹಿರ‍್ಯಾ ಬಲವಂತ ಮಾಡಿದಾ ಅಂತ ಮಾತ್ರ ಹೇಳಂಗಿಲ್ರಿ. ಅಂವ ಕೊಟ್ಟ, ನಾ ಬಾಯಿ ತೆಗದ್ನಿ."

"ಹಂಗಂದ್ರ ಹೆಂಗವ್ವಾ? ಆ ವಿಡಿಯೊ ಊರೆಲ್ಲಾ ಹರಿದಾಡೇತಿ. ಯಾರು ಬಿಟ್ರು ಅದನ್ನ?"

ಪಾರಕ್ಕ ಕೆಳಗಿಟ್ಟ ಬುಟ್ಟಿಯನ್ನು ಮತ್ತೆ ಎತ್ತಿಕೊಂಡಳು. ಮಹಾಂತೇಶ ಕೋಣೆಯನ್ನೆಲ್ಲ ಒಮ್ಮೆ ನೋಡಿದ. ಉಣ್ಣುತ್ತಿದ್ದ ಏಳೆಂಟು ಜನ ತಲೆ ತಗ್ಗಿಸಿದರು. ಅವರಲ್ಲಿ ನಾನೂ ಒಬ್ಬಳು. ನಾನು ಬಿಟ್ಟದ್ದು ಎಂಬ ಮಾತು ಗಂಟಲವರೆಗೆ ಬಂದಿತ್ತು. ಬಳಗದವರ ಹೆಸರು ಹೊರಬರುತ್ತದೆ, ಕಚೇರಿಗೆ ಗೊತ್ತಾಗುತ್ತದೆ, ಮನೆಯಲ್ಲಿ ಅತ್ತೆ ಏನೆನ್ನುತ್ತಾರೋ ಎಂದು ಒಂದರ ಹಿಂದೊಂದು ನೆವ ಬಂದವು. ಅನ್ನಕ್ಕೆ ಸಾರು ಕಲಸುತ್ತಾ ಕುಳಿತೆ. ಕಲಸಿದ್ದನ್ನು ಉಣ್ಣಲಿಲ್ಲ.

ಹಿರಿಯರು ಎದ್ದು ಹೋದ ಮೇಲೆ ಮಹಾಂತೇಶ, "ಸ್ವಲ್ಪ ದಿನ ಒಳಗ ಬರಬ್ಯಾಡ ದೊಡ್ಡವ್ವಾ, ಗದ್ದಲ ಆರಲಿ" ಎಂದ. ಪಾರಕ್ಕ ಆವತ್ತಿನ ಕೊನೆಯ ಪಂಕ್ತಿಗೂ ಬಡಿಸಿದಳು. ನನ್ನ ಮುಂದೆ ಬಂದಾಗ ಮೊಸರು ಹಾಕಿ ಒಂದು ಕ್ಷಣ ನಿಂತಳು. ನಾನು ತಲೆ ಎತ್ತಲಿಲ್ಲ. ಮುಂದಿನ ತಾಟಿಗೆ ಹೋದಳು. ಯುಗಾದಿಯ ಮರುದಿನ ಒಂದು ಟ್ರಂಕು ತೆಗೆದುಕೊಂಡು ಮುಂಡರಗಿಯ ತಂಗಿಯ ಮನೆಗೆ ಹೋದಳೆಂದು ರೊಟ್ಟಿ ಬಡಿಯುವ ಹೆಂಗಸರಿಂದ ತಿಳಿಯಿತು.

ಅಲ್ಲಿಗೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಮುಂಗಾರಿನ ಮೊದಲ ಮಳೆ ಬಿದ್ದು ಕಪ್ಪತಗುಡ್ಡದ ಸಾಲು ಹಸಿರಾಗತೊಡಗಿತ್ತು. ತಂಗಿ ಕಸ್ತೂರೆವ್ವನ ಮನೆ ಬಸ್ ನಿಲ್ದಾಣದಿಂದ ದೂರವಿಲ್ಲ. ಪಾರಕ್ಕ ಪಡಸಾಲೆಯಲ್ಲಿ ಮೊರದ ಮುಂದೆ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದಳು. ಸ್ವಲ್ಪ ಸೊರಗಿದ್ದಳು. "ಬಾ ಶೋಭಾ, ಕುಂಡ್ರು" ಎಂದಳು, ಏನೂ ಆಗದವಳಂತೆ. ಹಿರುತ್‌ಳ ತಂದೆ ತೀರಿಕೊಂಡರೆಂದೂ, ಹಳ್ಳಿಯಿಂದ ತಿರುಗಿ ಬಂದ ಹಿರುತ್ ಈಗ ವಾರಕ್ಕೊಮ್ಮೆ ಫೋನು ಮಾಡಿ, ಕಲಿತ ನಾಲ್ಕು ಕನ್ನಡ ಮಾತಿನಲ್ಲೇ ಮಾತಾಡುತ್ತಾಳೆಂದೂ ಹೇಳಿದಳು.

"ಅಕ್ಕಾ, ಆ ವಿಡಿಯೊ ಬಳಗಕ್ಕ ಹಾಕಿದಾಕಿ ನಾನ."

ಪಾರಕ್ಕನ ಬೆರಳು ನಿಲ್ಲಲಿಲ್ಲ. ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು.

"ಗೊತ್ತೈತಿ."

"ಯಾರ ಹೇಳಿದ್ರು?"

"ಯಾರು ಹೇಳಬೇಕು? ನಾ ಕಳಿಸಿದ್ದು ನಿನಗೊಬ್ಬಾಕಿಗೆ. ಬಸ್ಸಿನಾಗ ಆ ಹುಡುಗ್ಯಾರು ನಕ್ಕರಲ್ಲ, ಆವಾಗನ ಗೊತ್ತಾತು."

"ಮತ್ತ ಆವತ್ತ ಹಿರ‍್ಯಾರು ಕೇಳಿದಾಗ ನನ್ನ ಹೆಸರ ಯಾಕ ಹೇಳಲಿಲ್ರಿ?"

ಆಗ ಮಾತ್ರ ಮೊರ ಕೆಳಗಿಟ್ಟು ನನ್ನನ್ನು ನೇರವಾಗಿ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

"ನೀನ ಹೇಳತಿ ಅಂತ ಕಾದ್ನಿ ಯವ್ವಾ."

ಹೊರಗೆ ಹಳ್ಳಿ ಕಡೆಯ ಟ್ರ್ಯಾಕ್ಟರೊಂದು ಸದ್ದು ಮಾಡುತ್ತಾ ಹೋಯಿತು. ಆಮೇಲೆ ಆಕೆಯೇ ಮೆಲ್ಲಗೆ ಹೇಳಿದಳು: "ಅವರಿಗೆ ಸಾರಿನ ಚಿಂತಿ ಇರಲಿಲ್ಲ ಶೋಭಾ, ಕೊಟ್ಟ ಕೈಯ ಚಿಂತಿ. ನಾ ಮೂವತ್ತೊಂದ ವರ್ಷ ಎಲ್ಲಾರಿಗೂ ಕೊಟ್ಟದ್ದು ಇದ ಕೈಲೆ. ಆ ಹಿರ‍್ಯಾ ಒಂದ ತುತ್ತ ಕೊಟ್ಟದ್ದಕ್ಕ ಇಷ್ಟ ಆತು. ಹೋಗಲಿ. ಆ ಎಂಟೊಂಬತ್ತ ದಿನ ನಾ ಖರೇನ ಆರಾಮಿದ್ನಿ. ಅದನ್ನ ಸುಳ್ಳ ಅಂತ ಹೇಳಸಾಕ ಬಂದಿದ್ರು. ಅದಕ್ಕ ಒಪ್ಪಲಿಲ್ಲ, ಅಷ್ಟ."

ಲಕ್ಷ್ಮೇಶ್ವರಕ್ಕೆ ಹೋಗಿ ಎಲ್ಲರೆದುರು ನಿಜ ಹೇಳುತ್ತೇನೆ ಎಂದೆ. "ಈಗ ಹೇಳಿದ್ರ ನಿನ್ನ ಮನಸ ಹಗುರ ಆಗತೈತಿ. ಹೇಳೂದಿದ್ರ ಹೇಳು. ನನ್ನ ಸಲುವಾಗಿ ಅಂತ ಹೇಳಬ್ಯಾಡ" ಎಂದಳು. ಬಾಗಿಲವರೆಗೆ ಬಂದು ಕಳಿಸಿದಳು. ಮತ್ತೆ ಬಾ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

ಮರುದಿನ ಮಹಾಂತೇಶನಿಗೆ ಹೇಳಿದೆ. ಬಳಗದಲ್ಲಿಯೂ ಬರೆದೆ. ಮಹಾಂತೇಶ ಗಲ್ಲೆಯ ಮೇಲೆ ಕೈಯಿಟ್ಟುಕೊಂಡು, "ಈಗೇನ ಮಾಡೂದ್ರಿ ಮೇಡಂ, ಕರದ್ರೂ ಆಕಿ ಬರಂಗಿಲ್ಲ" ಎಂದ. ಬಳಗದಿಂದ ನಾಲ್ಕು ಜನ ಬಿಟ್ಟುಹೋದರು. ನಾನೂ ಖಾನಾವಳಿ ಬಿಟ್ಟೆ. ಈಗ ಮನೆಯಿಂದ ಡಬ್ಬಿ ಒಯ್ಯುತ್ತೇನೆ.

ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ಮುಂಡರಗಿಗೆ ಹೋದೆ. ಕಸ್ತೂರೆವ್ವ ಬಾಗಿಲು ತೆರೆದು, ನೀರು ಕೊಟ್ಟು, ಎದುರು ನಿಂತೇ ಮಾತಾಡಿದಳು.

"ಅಕ್ಕ ಊರಾಗಿಲ್ರಿ."

"ಲಕ್ಷ್ಮೇಶ್ವರಕ್ಕ ಹೋಗ್ಯಾರೇನ್ರಿ?"

"ಇಲ್ರಿ. ದೂರ ಹೋಗ್ಯಾಳ. ವಿಮಾನದಾಗ. ಒಬ್ಬಾಕಿನ."

"ಮತ್ತ ಅಡಿಸ್ ಅಬಾಬಾಕ್ಕ?"

"ಈ ಸಲ ಬ್ಯಾರೆ ಊರ್ರಿ" ಎಂದು ಕಸ್ತೂರೆವ್ವ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಶೋಭಾ ಬಂದು ಕೇಳಿದ್ರ ಆರಾಮ ಅದಾಳ ಅಂತ ಹೇಳು, ಯಾವ ಊರು ಅಂತ ಹೇಳಬ್ಯಾಡ ಅಂದಾಳ್ರಿ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ."

ಕಾಗದಪತ್ರ ಯಾರು ಮಾಡಿಸಿಕೊಟ್ಟರು ಎಂದು ಕೇಳಿದೆ. ಆಕೆಯೇ ಮಾಡಿಸಿಕೊಂಡಳಂತೆ. ಅದಕ್ಕಾಗಿ ಮೂರು ಸಲ ಗದಗಿಗೆ ಹೋಗಿ, ಅರ್ಜಿ ತುಂಬಿಕೊಡುವ ಅಂಗಡಿಯೊಂದರಲ್ಲಿ ಸರದಿ ನಿಂತು, ಸಂಜೆಯ ಬಸ್ಸಿಗೆ ತಿರುಗಿ ಬಂದಳಂತೆ. ಗದಗ ಬಸ್ ನಿಲ್ದಾಣದಿಂದ ಬೆಟಗೇರಿಯ ನಮ್ಮ ಮನೆ ಆಟೊದಲ್ಲಿ ಹತ್ತು ನಿಮಿಷದ ದಾರಿ.